ಬ್ರೋಷರಲ್ಲಿ ‘ಪ್ಲಾಟಿನಂ ಗ್ರೀನ್’, ಮನೇಲಿ ಟ್ಯಾಂಕರ್ ನೀರು: ಬಿಲ್ಡರ್ ಮೇಲೆ ಕೇಸ್ ನಿಲ್ಲುತ್ತಾ?

ಸರ್ಜಾಪುರ_ಸೀನ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೈಕೋಬೇಡಿ. 2019ರಲ್ಲಿ ಸರ್ಜಾಪುರ ರೋಡ್ ಕಡೆ ಫ್ಲ್ಯಾಟ್ ಬುಕ್ ಮಾಡಿದ್ವಿ, ಒಟ್ಟು 312 ಮನೆ, ಬಿಲ್ಡರ್ ಹೆಸ್ರು ಇಲ್ಲಿ ಬೇಡ. ಬ್ರೋಷರ್ ಪೂರ್ತಿ ಹಸಿರೋ ಹಸಿರು. ‘ಪ್ಲಾಟಿನಂ ಗ್ರೀನ್ ಹೋಮ್ಸ್’, ‘ನೀರಿನ ಬಿಲ್ ಅರ್ಧಕ್ಕರ್ಧ ಉಳಿತಾಯ’, ‘ಒಂದು ಹನಿ ಮಳೆನೀರೂ ಹೊರಗೆ ಹೋಗಲ್ಲ’, ‘ಡ್ಯುಯಲ್ ಪ್ಲಂಬಿಂಗ್’ (ಫ್ಲಶ್‌ಗೊಂದು, ಬಳಕೆಗೊಂದು ಬೇರೆ ಪೈಪ್), ಎಲ್ಲಾ ದಪ್ಪಕ್ಷರದಲ್ಲಿ. ಪಕ್ಕದ ಪ್ರಾಜೆಕ್ಟ್‌ಗಿಂತ ಚದರಡಿಗೆ 350 ರೂಪಾಯಿ ಜಾಸ್ತಿ ಕೇಳಿದ್ರು, ನಮ್ಮನೆಯವಳು ‘ಗ್ರೀನ್ ಅಂತೆ, ಮಕ್ಕಳಿಗೆ ಒಳ್ಳೇದು’ ಅಂದ್ಲು, ಕೊಟ್ವಿ.

2023ರ ಆಗಸ್ಟಲ್ಲಿ ಕೀ ಸಿಕ್ತು. 2024ರ ಮಾರ್ಚಲ್ಲಿ ಬೋರ್‌ವೆಲ್ ಕೈ ಕೊಡ್ತು, ದಿನಕ್ಕೆ 9-10 ಟ್ಯಾಂಕರ್. ಡಿಸಿ ಆಗ ರೇಟ್ ಫಿಕ್ಸ್ ಮಾಡಿದ್ರಲ್ಲ, 5 ಕಿ.ಮೀ ಒಳಗೆ 12 ಸಾವಿರ ಲೀಟರ್‌ಗೆ 1000 ರೂಪಾಯಿ ಅಂತ, ಆ ರೇಟಿಗೆ ನಮ್ಮ ಗೇಟಿಗೆ ಒಬ್ಬನೂ ಬರ್ಲಿಲ್ಲ. ಸರಿ, ಫ್ಲಶ್‌ಗಾದ್ರೂ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ನೀರು ಬಿಡಿ ಅಂದ್ರೆ ಮೇಂಟೆನೆನ್ಸ್ ಹುಡುಗ ತಲೆ ಕೆರ್ಕೊಂಡ. ಅನುಮಾನ ಬಂದು ಮೊನ್ನೆ ಪ್ಲಂಬರ್ ಕರ್ಕೊಂಡು ಟೆರೇಸ್ ಹತ್ತಿ ಶಾಫ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿದ್ವಿ. ಫ್ಲಶ್ ಲೈನು, ಅಡುಗೆಮನೆ ಲೈನು ಎರಡೂ ಬೇರೆ ಬೇರೆ ಕೆಳಗಿಂದ ಬಂದಿವೆ ನಿಜ, ಆದ್ರೆ ಮೇಲೆ ಒಂದೇ ಟೀ ಜಾಯಿಂಟ್ ಹಾಕಿ ಒಂದೇ ಟ್ಯಾಂಕ್‌ಗೆ ಸೇರಿಸಿಬಿಟ್ಟಿದಾರೆ! ಎಸ್‌ಟಿಪಿಯಿಂದ ಬರ್ಬೇಕಾದ ಪೈಪು ಟೆರೇಸ್ ಮೂಲೇಲಿ ಬಾಯಿಗೆ ಎಂಡ್ ಕ್ಯಾಪ್ ಹಾಕ್ಕೊಂಡು ನಿಂತಿದೆ.

ಇನ್ನೊಂದು ವಿಷಯ. ಸೇಲ್ಸ್ ಆಫೀಸಲ್ಲಿ ಒಂದು ಫಲಕ ಇತ್ತು, ‘ಪ್ಲಾಟಿನಂ’ ಅಂತ. ಹ್ಯಾಂಡೋವರ್ ಆದ್ಮೇಲೆ ಅದನ್ನ ಕಿತ್ಕೊಂಡು ಹೋಗಿದಾರೆ, ಗೋಡೇಲಿ ನಾಲ್ಕು ಸ್ಕ್ರೂ ತೂತು ಉಳಿದಿವೆ. ಹಳೇ ಫೋಟೋ ಹುಡುಕಿ ಜೂಮ್ ಮಾಡಿದ್ರೆ ಪ್ಲಾಟಿನಂ ಕೆಳಗೆ ಸಣ್ಣಕ್ಕೆ ‘ಪ್ರೀ-ಸರ್ಟಿಫೈಡ್’ ಅಂತಿದೆ. ಇದ್ರ ಅರ್ಥ ಏನು? ಕೇಸ್ ಹಾಕಿದ್ರೆ ನಿಲ್ಲುತ್ತಾ? ಎಲ್ಲಿ ಹಾಕ್ಬೇಕು, ರೇರಾನಾ (ಬಿಲ್ಡರ್‌ಗಳ ಮೇಲೆ ಕಣ್ಣಿಡೋ ರಿಯಲ್ ಎಸ್ಟೇಟ್ ಪ್ರಾಧಿಕಾರ), ಕನ್ಸ್ಯೂಮರ್ ಕೋರ್ಟಾ?

ಬಸವನಗುಡಿ_ಬೋಂಡ
ಲಾಬೀಲಿ ಮನಿ ಪ್ಲಾಂಟ್ ಇದೆಯಾ ಇಲ್ವಾ ಅದು ಹೇಳಿ ಮೊದ್ಲು. ಇದ್ರೆ ಗ್ರೀನೇ. ನಮ್ಮ ಬಿಲ್ಡಿಂಗಲ್ಲಿ ಪ್ಲಾಸ್ಟಿಕ್ ಬಿದಿರು ಇಟ್ಟಿದಾರೆ, ಅದಕ್ಕೆ ವಾರಕ್ಕೊಂದ್ಸಲ ಧೂಳು ಒರೆಸೋಕೆ ಮೇಂಟೆನೆನ್ಸ್ ಬೇರೆ.

ಶಾಫ್ಟ್_ಟಾರ್ಚ್
ಸೀನಣ್ಣ, ನಾನು ಹದಿನಾಲ್ಕು ವರ್ಷದಿಂದ ಪ್ಲಂಬಿಂಗ್, ಎಲೆಕ್ಟ್ರಿಕಲ್ ಡಿಸೈನ್ ಮಾಡ್ಕೊಂಡಿದೀನಿ, ಈ ರೇಟಿಂಗ್ ಫೈಲುಗಳನ್ನೂ ತಯಾರು ಮಾಡಿದೀನಿ. ಮೂರು ಪದ ಬೇರೆ ಬೇರೆ ಅಂತ ತಲೇಲಿಟ್ಕೊಳ್ಳಿ. ‘ರಿಜಿಸ್ಟರ್ಡ್’ ಅಂದ್ರೆ ಬಿಲ್ಡರ್ ಫೀಸ್ ಕಟ್ಟಿ ಹೆಸ್ರು ಬರೆಸಿದಾನೆ, ಅಷ್ಟೇ. ‘ಪ್ರೀ-ಸರ್ಟಿಫೈಡ್’ ಅಂದ್ರೆ ಡ್ರಾಯಿಂಗು, ಲೆಕ್ಕ ತೋರ್ಸಿದಾನೆ, ಹೀಗೇ ಕಟ್ಟಿದ್ರೆ ಈ ರೇಟಿಂಗ್ ಬರಬಹುದು ಅಂತ ಪೇಪರ್ ಮೇಲೆ ಒಪ್ಪಿದಾರೆ. ‘ಸರ್ಟಿಫೈಡ್’ ಅಂದ್ರೇನೇ ಕಟ್ಟಿದ ಮೇಲಿಂದು. ನಿಮ್ಮ ಫಲಕ ಎರಡನೇದು. ಎಸ್ಸೆಲ್ಸಿ ಹಾಲ್ ಟಿಕೆಟ್‌ನ ಫ್ರೇಮ್ ಹಾಕಿಸಿ ಗೋಡೆಗೆ ನೇತಾಕಿದಂಗೆ.

ಪ್ರೀ-ಸರ್ಟಿಫಿಕೇಶನ್ ಅನ್ನೋದೇ ಮೋಸ ಅಂತ ನಾನು ಹೇಳಲ್ಲ. ಕಟ್ಟೋಕೆ ಮುಂಚೆನೇ ಮಾರ್ಬೇಕಲ್ಲ, ಅದಕ್ಕೇ ಅಂತಾನೇ ಇರೋ ವ್ಯವಸ್ಥೆ ಅದು. ಆದ್ರೆ ಮಾರಾಟ ಮುಗಿದ ಮೇಲೆ ಫೈನಲ್ ಫೈಲ್ ಹಾಕೋ ಆಸಕ್ತಿ ಯಾರಿಗಿರುತ್ತೆ? ಟೈಲ್ಸ್‌ನೋರು, ಪೇಂಟ್‌ನೋರು, ಗ್ಲಾಸ್‌ನೋರು ಎಲ್ಲರ ಹತ್ರ ಪತ್ರ ತರಿಸ್ಬೇಕು, ಕನ್ಸಲ್ಟೆಂಟ್‌ಗೆ ಬಾಕಿ ದುಡ್ಡು ಕೊಡ್ಬೇಕು. ಐಜಿಬಿಸಿ (ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್) ಕೊಟ್ಟಿದ್ದಾದ್ರೆ ಅವರ ಸೈಟಲ್ಲಿ ರೇಟಿಂಗ್ ಸಿಕ್ಕ ಪ್ರಾಜೆಕ್ಟ್ ಲಿಸ್ಟ್ ಇರುತ್ತೆ, ಚೆಕ್ ಮಾಡಿ. ಗೃಹ ಅಂತ ಇನ್ನೊಂದು ರೇಟಿಂಗ್ ಇದೆ, ಟೆರಿ ಅನ್ನೋ ಸಂಶೋಧನಾ ಸಂಸ್ಥೆಯವ್ರು ಶುರು ಮಾಡಿದ್ದು, ಅದ್ರಲ್ಲಿ ಪ್ಲಾಟಿನಂ ಗೋಲ್ಡ್ ಇಲ್ಲ, ಒಂದರಿಂದ ಐದು ಸ್ಟಾರ್. ಯಾವ ಸಂಸ್ಥೆ ಕೊಟ್ಟಿದ್ದು ಅಂತಾನೇ ಬರೀದೆ ಬರೀ ‘ಪ್ಲಾಟಿನಂ ಗ್ರೀನ್’ ಅಂತಿದ್ರೆ ಅಲ್ಲೇ ಮೂಗು ಮುರೀಬೇಕಿತ್ತು.

ಮತ್ತೆ ಆ ಬ್ರೋಷರ್ ಸಾಲು ನೋಡಿ ನಗು ಬಂತು. ಮಳೆನೀರು ಕೊಯ್ಲು 2009ರಲ್ಲೇ ಜಲಮಂಡಳಿ ಕಾಯ್ದೆ ತಿದ್ದುಪಡಿ ಮಾಡಿ ಕಡ್ಡಾಯ ಮಾಡಿದ್ದು, ಹೊಸ ಮನೆ ಆದ್ರೆ 30-40 ಸೈಟಿಗೂ ಬೇಕು. ಜಯನಗರ 5ನೇ ಬ್ಲಾಕಲ್ಲಿ ಅದಕ್ಕೊಂದು ಥೀಮ್ ಪಾರ್ಕೇ ಇದೆ. ಇಷ್ಟು ದೊಡ್ಡ ಅಪಾರ್ಟ್‌ಮೆಂಟಿಗೆ ಎಸ್‌ಟಿಪಿ ಕಡ್ಡಾಯ, ಡ್ಯುಯಲ್ ಪೈಪ್ ಕಡ್ಡಾಯ, ಸೋಲಾರ್ ಗೀಸರ್ ಕಡ್ಡಾಯ. ಕಾನೂನು ಮಾಡು ಅಂದಿದ್ದನ್ನೇ ‘ನಮ್ಮ ವಿಶೇಷ’ ಅಂತ ಮಾರಿದಾರೆ. ಹೋಟೆಲಲ್ಲಿ ‘ನಮ್ಮಲ್ಲಿ ತೊಳೆದ ಲೋಟ ಕೊಡ್ತೀವಿ’ ಅಂತ ಬೋರ್ಡ್ ಹಾಕಿದಂಗಾಯ್ತು.

ಧಾರವಾಡ_ಫೇಡಾ
ನಮ್ಮ ಹುಬ್ಬಳ್ಳ್ಯಾಗೂ ಇದ ಹಾಡು ಐತ್ರಿ. ಅಗ್ರಿಮೆಂಟ್‌ನ್ಯಾಗ ಕಡೇ ಪಾನಿನ ಮ್ಯಾಲೆ ಸಣ್ಣ ಅಕ್ಷರದಾಗ ‘ಬ್ರೋಷರ್ ಬರೇ ಮಾಹಿತಿಗೆ, ಚಿತ್ರ ಕಲಾವಿದನ ಕಲ್ಪನಾ’ ಅಂತ ಬರ್ದಿರ್ತಾರ, ಸಹಿ ಹಾಕ್ದವ್ರು ನಾವ. ಹಂಗಿದ್ದಾಗ ಬ್ರೋಷರ್ ಹಿಡಕೊಂಡು ಹೋದ್ರ ನಡೀತದೇನ್ರಿ? ಯಾರರೆ ವಕೀಲ್ರು ಇದ್ರ ಹೇಳ್ರಿ.

ಕರಿಕೋಟು_ಕೆಂಗೇರಿ
ನಾನು ವಕೀಲ, ಆದ್ರೆ ಇಲ್ಲಿ ಹೇಳೋದು ಫೀಸ್ ಇಲ್ದಿರೋ ಮಾತು, ಕಾಗದ ಪತ್ರ ನೋಡ್ದೆ ಯಾರೂ ಗ್ಯಾರಂಟಿ ಕೊಡೋಕಾಗಲ್ಲ.

ಫೇಡಾ ಅವರ ಪ್ರಶ್ನೆ ಮೊದ್ಲು, ಯಾಕಂದ್ರೆ ಬಿಲ್ಡರ್ ಕಡೆ ವಕೀಲ್ರು ಎದ್ದು ನಿಂತ ತಕ್ಷಣ ಹೇಳೋದೇ ಅದು. ರೇರಾ ಕಾಯ್ದೆ ಸೆಕ್ಷನ್ 12 ಓದಿ. ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾಡೆಲ್ ಫ್ಲ್ಯಾಟ್ ನಂಬಿ ಅಡ್ವಾನ್ಸ್ ಕೊಟ್ಟು, ಅದ್ರಲ್ಲಿರೋ ಸುಳ್ಳಿಂದ ನಷ್ಟ ಆದ್ರೆ ಪರಿಹಾರ ಕೊಡ್ಬೇಕು, ಬೇಡ ಅಂತ ಹೊರಗೆ ಬರೋದಾದ್ರೆ ಪೂರ್ತಿ ದುಡ್ಡು ಬಡ್ಡಿ ಸಮೇತ ವಾಪಸ್. ನಮ್ಮ ರಾಜ್ಯದ ರೂಲ್ಸ್ ಪ್ರಕಾರ ಬಡ್ಡಿ ಎಸ್‌ಬಿಐ ಎಂಸಿಎಲ್‌ಆರ್ (ಬ್ಯಾಂಕಿನ ಮೂಲ ಸಾಲದ ದರ) ಮೇಲೆ 2 ಪರ್ಸೆಂಟ್. ಸೆಕ್ಷನ್ 89 ಪ್ರಕಾರ ಬೇರೆ ಕಾನೂನು ಅಡ್ಡ ಬಂದ್ರೂ ರೇರಾನೇ ಮೇಲೆ. ಹಾಗಾಗಿ ಅಗ್ರಿಮೆಂಟ್‌ನ ಸಣ್ಣ ಅಕ್ಷರ ಸೆಕ್ಷನ್ 12ನ ಅಷ್ಟು ಸುಲಭವಾಗಿ ನುಂಗಿ ಹಾಕೋಕಾಗಲ್ಲ.

‘ಕೀ ತಗೊಂಡ್ರಲ್ಲ, ಒಪ್ಪಿದಂಗೇ’ ಅನ್ನೋ ವಾದಕ್ಕೂ ಉತ್ತರ ಇದೆ. 2020ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಡ್ತು, ವಿಂಗ್ ಕಮಾಂಡರ್ ಅರೀಫುರ್ ರೆಹಮಾನ್ ಖಾನ್ ವಿರುದ್ಧ ಡಿಎಲ್‌ಎಫ್ ಸದರ್ನ್ ಹೋಮ್ಸ್. ನಮ್ಮ ಬೇಗೂರಿನ ಪ್ರಾಜೆಕ್ಟೇ ಅದು. ಫ್ಲ್ಯಾಟ್ ಸ್ವಾಧೀನ ತಗೊಂಡ ಮಾತ್ರಕ್ಕೆ, ಕ್ರಯಪತ್ರ ಆದ ಮಾತ್ರಕ್ಕೆ ಪರಿಹಾರ ಕೇಳೋ ಹಕ್ಕು ಹೋಗಲ್ಲ ಅಂತ ಹೇಳಿದಾರೆ. ತಡಕ್ಕೆ ವರ್ಷಕ್ಕೆ 6 ಪರ್ಸೆಂಟ್ ಸರಳ ಬಡ್ಡಿ ಕೊಡ್ಸಿದ್ರು, ಹೇಳಿದ ಸೌಲಭ್ಯ ಕೊಡ್ದೇ ಇರೋದ್ರ ಬಗ್ಗೆನೂ ಅದ್ರಲ್ಲಿ ಚರ್ಚೆ ಇದೆ. ಪಿಡಿಎಫ್ ಇಳಿಸ್ಕೊಂಡು ಓದಿ, ಚೆನ್ನಾಗಿದೆ.

ಇನ್ನು ‘ಗ್ರೀನ್‌ವಾಷಿಂಗ್ (ಸುಳ್ಳು ಹಸಿರು ಪ್ರಚಾರ) ಗೈಡ್‌ಲೈನ್ಸ್ ಬಂದಿದೆಯಂತಲ್ಲ’ ಅಂತ ಯಾರಾದ್ರೂ ಕೇಳೇ ಕೇಳ್ತೀರ. ಬಂದಿದೆ, 2024ರ ಅಕ್ಟೋಬರ್ 15ಕ್ಕೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ್ದು. ಗ್ರೀನ್, ಇಕೋ-ಫ್ರೆಂಡ್ಲಿ, ಸಸ್ಟೇನಬಲ್, ಕಾರ್ಬನ್ ನ್ಯೂಟ್ರಲ್, ನ್ಯಾಚುರಲ್ ಇಂಥಾ ಪದಗಳನ್ನ ವಿವರಣೆ, ಆಧಾರ ಇಲ್ದೆ ಬಳಸಂಗಿಲ್ಲ. ‘ಮುಂದೆ ನೆಟ್ ಝೀರೋ ಮಾಡ್ತೀವಿ’ ಅನ್ನೋದಾದ್ರೆ ಹೇಗೆ ಮಾಡ್ತೀವಿ ಅನ್ನೋ ಪ್ಲಾನ್ ಇರ್ಬೇಕು. ಹೌಸಿಂಗ್ ಕನ್ಸ್ಟ್ರಕ್ಷನ್ ಕೂಡ ಗ್ರಾಹಕ ಕಾಯ್ದೇಲಿ ಸರ್ವಿಸ್ ಅನ್ನೋದ್ರಿಂದ ಬಿಲ್ಡರ್‌ಗೂ ಅನ್ವಯ. ಆದ್ರೆ ಸೀನ ಅವ್ರೇ, ನಿಮ್ಮ ಬ್ರೋಷರ್ 2019ರದ್ದು. ನಿನ್ನೆ ಬಂದ ಗೈಡ್‌ಲೈನ್ಸ್ ಹಿಡ್ಕೊಂಡು ಮೊನ್ನೆಯ ಜಾಹೀರಾತಿಗೆ ಹೊಡೆಯೋಕಾಗಲ್ಲ. ಹೊಸ ಗ್ರಾಹಕ ಕಾಯ್ದೆನೇ 2020ರ ಜುಲೈ 20ಕ್ಕೆ ಜಾರಿಗೆ ಬಂದಿದ್ದು. ಹಳೇ 1986ರ ಕಾಯ್ದೇಲೂ ಅನ್‌ಫೇರ್ ಟ್ರೇಡ್ ಪ್ರಾಕ್ಟೀಸ್ ಅಂತ ಇತ್ತು, ರೇರಾ 2017ರ ಮೇ 1ರಿಂದ ಪೂರ್ತಿ ಜಾರಿ. ನಿಮಗೆ ಅವೇ ಆಧಾರ.

ಈ ಗ್ರಾಹಕ ಪ್ರಾಧಿಕಾರಕ್ಕೆ ದೂರು ಕೊಟ್ರೆ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷ, ಮತ್ತೆ ಮಾಡಿದ್ರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆ ದುಡ್ಡು ನಿಮ್ಮ ಟ್ಯಾಂಕರ್‌ಗೆ ಬರಲ್ಲ. ಆಸ್ಕಿ ಅಂತ ಜಾಹೀರಾತಿನವರದ್ದೇ ಒಂದು ಸಂಸ್ಥೆ ಇದೆ, ಅವರ ಹಸಿರು ನಿಯಮ 2024ರ ಫೆಬ್ರವರಿ 15ರಿಂದ. ಮೇಲೆ ಟಾರ್ಚ್ ಹೇಳಿದ ತೊಳೆದ ಲೋಟದ ವಿಷಯ ಅದ್ರಲ್ಲಿ ಸೀದಾ ಇದೆ: ಎಲ್ಲರಿಗೂ ಕಾನೂನು ಕಡ್ಡಾಯ ಮಾಡಿರೋದನ್ನ ನಿಮ್ಮ ಹೆಗ್ಗಳಿಕೆ ಅಂತ ತೋರಿಸಿ ದಾರಿ ತಪ್ಪಿಸಬಾರ್ದು. ಅಲ್ಲೂ ನಿಮಗೆ ಪರಿಹಾರ ಸಿಗಲ್ಲ, ಜಾಹೀರಾತು ತೆಗೆಸಬಹುದು, ಅಷ್ಟೇ.

ಸರ್ಜಾಪುರ_ಸೀನ
ಸರ್ ತುಂಬಾ ಥ್ಯಾಂಕ್ಸ್. ಹಾಗಾದ್ರೆ ರೇರಾ ಸೆಕ್ಷನ್ 12 ಹಾಕಿ ಚದರಡಿಗೆ 350 ವಾಪಸ್ ಕೊಡಿ ಅಂತ ಕೇಳ್ಬಹುದಾ?

ಕರಿಕೋಟು_ಕೆಂಗೇರಿ
ಕೇಳ್ಬಹುದು, ಸಿಗೋದು ಕಷ್ಟ. ಸೆಕ್ಷನ್ 12ರಲ್ಲಿ ‘ನಷ್ಟ’ ಅನ್ನೋ ಪದ ಇದೆ, ಜನ ಎಡವೋದು ಅಲ್ಲೇ. ಆ 350 ಗ್ರೀನ್‌ಗೇ ಅಂತ ಯಾವ ಕಾಗದದಲ್ಲಿದೆ? ಎಲ್ಲೂ ಇರಲ್ಲ. ‘ಫ್ಲೋರ್ ರೈಸ್, ಪಾರ್ಕ್ ಫೇಸಿಂಗ್’ ಅಂತಾರೆ. ‘ಗ್ರೀನ್ ಅಂದ್ರು, ಗ್ರೀನ್ ಆಗಿಲ್ಲ, ಮನಸ್ಸಿಗೆ ನೋವಾಯ್ತು’ ಅಂದ್ರೆ ಅಧಿಕಾರಿ ಕನ್ನಡಕ ತೆಗ್ದು ನಿಮ್ಮ ಮುಖ ನೋಡ್ತಾರೆ. ನಿಮ್ಮ ಹತ್ರ ಇರೋ ಗಟ್ಟಿ ಸಾಕ್ಷಿ ಟ್ಯಾಂಕರ್ ಬಿಲ್. ಫ್ಲಶ್‌ಗೆ ದಿನಕ್ಕೆ ಎಷ್ಟು ಲೀಟರ್ ಹೋಗ್ಬೇಕು, ಅದು ಎಸ್‌ಟಿಪಿಯಿಂದ ಬಂದಿದ್ರೆ ಎಷ್ಟು ಟ್ಯಾಂಕರ್ ಉಳೀತಿತ್ತು, ಗುಣಿಸಿ ತೋರ್ಸಿ. ಅದು ನಷ್ಟ.

ಸೆಕ್ಷನ್ 14(3) ಇನ್ನೂ ನೇರ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಾಮಗಾರಿ, ಗುಣಮಟ್ಟ, ಸೇವೆ ಒದಗಿಸೋದ್ರಲ್ಲಿ ದೋಷ ಕಂಡ್ರೆ ತಿಳಿಸಿದ 30 ದಿನದಲ್ಲಿ ಬಿಲ್ಡರ್ ಸ್ವಂತ ಖರ್ಚಲ್ಲಿ ಸರಿ ಮಾಡ್ಬೇಕು. ಎಂಡ್ ಕ್ಯಾಪ್ ಹಾಕಿರೋ ಪೈಪು ದೋಷ ಅಲ್ದೆ ಇನ್ನೇನು? ನಿಮಗೆ 2028ರ ಆಗಸ್ಟ್‌ವರೆಗೂ ಟೈಮಿದೆ. ಕನ್ಸ್ಯೂಮರ್ ಕಮಿಷನ್‌ಗಾದ್ರೆ 2 ವರ್ಷ ಮಾತ್ರ, ಕೀ ತಗೊಂಡ ದಿನದಿಂದ ಎಣಿಸಿದ್ರೆ 2025ರ ಆಗಸ್ಟ್‌ಗೆ ಮುಗಿಯುತ್ತೆ, ಬೇಗ ನಿರ್ಧಾರ ಮಾಡಿ. ರೇರಾ ಇದೆ ಅಂತ ಕನ್ಸ್ಯೂಮರ್ ದಾರಿ ಮುಚ್ಚಲ್ಲ, ಅದನ್ನ 2020ರ ನವೆಂಬರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಕೇಸಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಸ್ಕ್ರೀನ್‌ಶಾಟ್ ತೆಗ್ದಿಟ್ಕೊಳ್ಳಿ, ಸೇಲ್ಸ್ ಹುಡುಗನ ವಾಟ್ಸಾಪ್ ಡಿಲೀಟ್ ಮಾಡ್ಬೇಡಿ, ಫೋನ್ ಎಕ್ಸ್‌ಚೇಂಜಿಗೆ ಕೊಡ್ಬೇಡಿ. ಡಿಜಿಟಲ್ ಸಾಕ್ಷಿಗೆ ಸರ್ಟಿಫಿಕೇಟ್ ಬೇಕು, ಹಿಂದೆ 65ಬಿ ಅಂತಿದ್ವಿ, 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63.

ಸೈಟ್_ಎಂಜಿನಿಯರ್_77
ಎಲ್ರೂ ಬಿಲ್ಡರ್‌ಗೆ ಉಗೀತಿದೀರ, ನಾನೊಂದು ಮಾತು ಹೇಳ್ತೀನಿ, ಕಲ್ಲು ಹೊಡೀಬೇಡಿ. ನಾನು ಕೆಲ್ಸ ಮಾಡಿದ ಒಂದು ಪ್ರಾಜೆಕ್ಟಲ್ಲಿ ಎಸ್‌ಟಿಪಿ, ಡ್ಯುಯಲ್ ಲೈನ್ ಎಲ್ಲಾ ಓಡ್ತಿತ್ತು, ಫೈನಲ್ ಗೋಲ್ಡ್ ಸರ್ಟಿಫಿಕೇಟೂ ಬಂತು. ಅಸೋಸಿಯೇಷನ್ ಕೈಗೆ ಹೋದ ಆರು ತಿಂಗಳಿಗೆ ‘ಫ್ಲಶಲ್ಲಿ ಹಳದಿ ನೀರು, ವಾಸನೆ, ನೆಂಟ್ರ ಮುಂದೆ ಮರ್ಯಾದೆ ಹೋಗುತ್ತೆ’ ಅಂತ ಗಲಾಟೆ. ಬ್ಲೋವರ್‌ಗೆ ಕರೆಂಟ್ ಬಿಲ್ ಜಾಸ್ತಿ ಅಂತ ರಾತ್ರಿ ಆಫ್ ಮಾಡೋಕೆ ಶುರು ಮಾಡಿದ್ರು. ಗಾಳಿ ಇಲ್ದಿದ್ರೆ ಬ್ಯಾಕ್ಟೀರಿಯಾ ಸಾಯುತ್ತೆ, ವಾಸನೆ ಇನ್ನೂ ಜಾಸ್ತಿ. ಆಮೇಲೆ ಅವ್ರೇ ಪ್ಲಂಬರ್ ಕರೆಸಿ ಲೈನ್ ಬೈಪಾಸ್ ಮಾಡ್ಸಿದ್ರು. ಈಗ ಅದೇ ಜನ ‘ಗ್ರೀನ್ ಅಂತ ಮೋಸ ಮಾಡಿದ್ರು’ ಅಂತ ಓಡಾಡ್ತಿದಾರೆ. ಸೀನ ಸರ್, ನಿಮ್ಮ ಟೀ ಹಾಕಿದ್ದು ಬಿಲ್ಡರೋ, ನಿಮ್ಮ ಎಂಸಿನೋ (ಅಸೋಸಿಯೇಷನ್ ಮ್ಯಾನೇಜಿಂಗ್ ಕಮಿಟಿ)? ಖಚಿತ ಮಾಡ್ಕೊಂಡು ಹೋಗಿ.

ಬಸವನಗುಡಿ_ಬೋಂಡ
ಕಲ್ಲು ಹೊಡೆಯಲ್ಲ ಬಿಡಿ, ಪಾಯಿಂಟ್ ಇದೆ. ನಮ್ಮಲ್ಲೂ ಜನರಲ್ ಬಾಡಿ ಮೀಟಿಂಗಲ್ಲಿ ಎರಡು ಗಂಟೆ ಫ್ಲಶ್ ನೀರಿನ ಬಣ್ಣದ ಬಗ್ಗೆ ಚರ್ಚೆ ಆಗಿದೆ. ಒಬ್ರು ಬಾಟಲೀಲಿ ಸ್ಯಾಂಪಲ್ ತಂದಿದ್ರು, ತಿಂಡಿ ಪಕ್ಕದಲ್ಲೇ ಇಟ್ಟಿದ್ರು.

ಸರ್ಜಾಪುರ_ಸೀನ
ಒಳ್ಳೇ ಪ್ರಶ್ನೆ, ನಿಜವಾಗ್ಲೂ ಭಯ ಆಯ್ತು. ಪ್ಲಂಬರ್‌ನ ಕೇಳ್ದೆ. ಅವ್ನು ಹೇಳಿದ್ದು ಕೇಳಿ: ಎಂಡ್ ಕ್ಯಾಪ್ ತೆಗೆದ್ರೆ ಪೈಪ್ ಒಳಗೆ ಕೊಳೆ, ಪಾಚಿ, ಕಲೆ ಏನೂ ಇಲ್ಲ, ಹೊಸಾ ಪೈಪ್ ಥರ ಬೆಳ್ಳಗಿದೆ. ಅಂದ್ರೆ ಒಂದು ದಿನಾನೂ ಅದ್ರಲ್ಲಿ ನೀರು ಹರಿದಿಲ್ಲ. ಫೋಟೋ, ವಿಡಿಯೋ ಎರಡೂ ಇದೆ. ನಮ್ಮ ಅಸೋಸಿಯೇಷನ್ ಹುಟ್ಟಿದ್ದೇ 2024ರ ಜನವರಿ.

ಕರಿಕೋಟು_ಕೆಂಗೇರಿ
ಆ ಪೈಪ್ ತುಂಡು ಕಟ್ ಮಾಡಿ ಎಸೀಬೇಡಿ. ಸಾಧ್ಯ ಆದ್ರೆ ಒಬ್ಬ ಚಾರ್ಟರ್ಡ್ ಎಂಜಿನಿಯರ್ ಕರೆಸಿ ಅಲ್ಲೇ ನೋಡಿ ರಿಪೋರ್ಟ್ ಬರೆಸಿ. ನಿಮ್ಮ ಇಡೀ ಬ್ರೋಷರ್‌ಗಿಂತ ಆ ಬೆಳ್ಳಗಿನ ಪೈಪೇ ಜೋರಾಗಿ ಮಾತಾಡುತ್ತೆ.

ಜರ್ಸಿ_ಮಾವ
ಮೂಲ ಹಾಸನ, ಈಗ ನ್ಯೂಜೆರ್ಸಿ, ಕನ್ಸ್ಟ್ರಕ್ಷನ್ ಲೈನಲ್ಲೇ ಇದೀನಿ. ಇಲ್ಲೂ ಇದೇ ಕಥೆ ಆಗಿದೆ, ನಿಮಗೆ ಉಪಯೋಗಕ್ಕೆ ಬರ್ಬಹುದು. 2010ರಲ್ಲಿ ನ್ಯೂಯಾರ್ಕ್‌ನ ಬ್ಯಾಟರಿ ಪಾರ್ಕ್ ಸಿಟೀಲಿ ಲೀಡ್ (ಅಮೆರಿಕದ ಗ್ರೀನ್ ಬಿಲ್ಡಿಂಗ್ ರೇಟಿಂಗ್) ಗೋಲ್ಡ್ ಅಂತ ಮಾರಿದ್ದ ಕಾಂಡೋ (ಫ್ಲ್ಯಾಟ್) ತಗೊಂಡೋರು ಕೋರ್ಟಿಗೆ ಹೋದ್ರು, ಚಳಿಗಾಲದಲ್ಲಿ ಮನೆಯೊಳಗೆ ತಣ್ಣನೆ ಗಾಳಿ ನುಗ್ತಿದೆ, ಹೀಟಿಂಗ್ ಸಾಲ್ತಿಲ್ಲ ಅಂತ. ಬರೀ ‘ಗ್ರೀನ್ ಅಲ್ಲ’ ಅಂದಿದ್ರೆ ಯಾರೂ ಕಿವಿ ಕೊಡ್ತಿರ್ಲಿಲ್ಲ, ಚಳಿ ಅಂದ್ರು.

ಅದೇ ವರ್ಷ ಇನ್ನೊಬ್ರು ಸೀದಾ ಲೀಡ್ ನಡೆಸೋ ಕೌನ್ಸಿಲ್ ಮೇಲೇ ಕೇಸ್ ಜಡಿದ್ರು, ನಿಮ್ಮ ಸರ್ಟಿಫಿಕೇಟ್ ಇರೋ ಕಟ್ಟಡಗಳು ಹೇಳಿದಷ್ಟು ಎನರ್ಜಿ ಉಳಿಸಲ್ಲ ಅಂತ. ದೊಡ್ಡ ಸುದ್ದಿ ಆಯ್ತು. 2011ರಲ್ಲಿ ವಜಾ. ಅವರ ಮಾತು ಸುಳ್ಳು ಅಂತ ಅಲ್ಲ, ಅದ್ರಿಂದ ಅವರಿಗೇ ಏನು ನಷ್ಟ ಅಂತ ತೋರ್ಸೋಕಾಗ್ಲಿಲ್ಲ. ಕೆಂಗೇರಿ ವಕೀಲ್ರು ಹೇಳ್ತಿರೋದೂ ಅದನ್ನೇ.

ನನಗೆ ಜಾಸ್ತಿ ಇಷ್ಟ ಆಗೋ ಕೇಸ್ ಮೇರಿಲ್ಯಾಂಡ್‌ದು. ಕ್ರಿಸ್‌ಫೀಲ್ಡ್ ಅನ್ನೋ ಸಣ್ಣ ಊರಲ್ಲಿ 23 ಮನೆಯ ಕಾಂಡೋ, ಕ್ಯಾಪ್ಟನ್ಸ್ ಗ್ಯಾಲಿ ಅಂತ. ಲೀಡ್ ಸಿಲ್ವರ್ ಬಂದ್ರೆ ರಾಜ್ಯದಿಂದ ಟ್ಯಾಕ್ಸ್ ಕ್ರೆಡಿಟ್ ಇತ್ತು. ಟೈಮಿಗೆ ಸರ್ಟಿಫಿಕೇಟ್ ಬರ್ಲಿಲ್ಲ, 6,35,000 ಡಾಲರ್ ಕ್ರೆಡಿಟ್ ಕೈ ತಪ್ತು, ಮಾಲೀಕ ಕಾಂಟ್ರ್ಯಾಕ್ಟರ್ ಮೇಲೆ ಬಿದ್ದ. ಒಪ್ಪಂದದಲ್ಲಿ ಸಿಲ್ವರ್ ಅಂತ ಇತ್ತು, ಆದ್ರೆ ಅದನ್ನ ತರಿಸೋ ಹೊಣೆ ಯಾರ್ದು, ಯಾವ ದಿನದೊಳಗೆ ಅಂತ ಸ್ಪಷ್ಟ ಇರ್ಲಿಲ್ಲ. ಕೊನೆಗೆ ಹೊರಗೇ ರಾಜಿ ಆದ್ರು. ಈಗ ಬುಕ್ ಮಾಡ್ತಿರೋರು ಇದ್ರೆ ಅಗ್ರಿಮೆಂಟಿಗೆ ಒಂದು ಸಾಲು ಸೇರಿಸೋಕೆ ಕೇಳಿ: ಯಾವ ಸಂಸ್ಥೆಯ ಯಾವ ರೇಟಿಂಗ್, ಫೈನಲ್ ಸರ್ಟಿಫಿಕೇಟ್ ಒಸಿ (ವಾಸಕ್ಕೆ ಅನುಮತಿ ಪತ್ರ) ಆದ ಎಷ್ಟು ತಿಂಗಳೊಳಗೆ, ಬರ್ದಿದ್ರೆ ಎಷ್ಟು ಕೊಡ್ತೀರ.

ಧಾರವಾಡ_ಫೇಡಾ
ಮಾವಾರ, ಆ ಸಾಲು ಸೇರಿಸ್ರಿ ಅಂದ್ರ ನಮ್ಮ ಬಿಲ್ಡರ್ ‘ಬ್ಯಾರೆ ಮನಿ ನೋಡ್ಕೋರಿ’ ಅಂತಾನ. ಚಹಾನೂ ಕುಡಸಂಗಿಲ್ಲ.

ಜರ್ಸಿ_ಮಾವ
ಹಂಗಂದ್ರೆ ಸರ್ಟಿಫಿಕೇಟ್ ಬರಲ್ಲ ಅಂತ ಅವನಿಗೇ ಗೊತ್ತು ಅಂತಾಯ್ತಲ್ಲ, ಅದೂ ಮಾಹಿತಿನೇ.

ತೋಟದ_ಕನಸು
ಸಂಬಂಧ ಇದೆ ಅಂದ್ಕೊಂಡು ಕೇಳ್ತೀನಿ. ಕನಕಪುರ ಆಚೆ ‘ಇಕೋ ವಿಲೇಜ್, ಕಾರ್ಬನ್ ನೆಗೆಟಿವ್ ಕಮ್ಯುನಿಟಿ’ ಅಂತ ಕಾಲು ಎಕರೆ ಪ್ಲಾಟ್ ಮಾರ್ತಿದಾರೆ, ಶ್ರೀಗಂಧ ಅವ್ರೇ ಬೆಳೆಸಿ ಕೊಡ್ತಾರಂತೆ. ರೇರಾ ನಂಬರ್ ಕೇಳಿದ್ರೆ ‘ಇದು ಫಾರ್ಮ್‌ಲ್ಯಾಂಡ್ ಸರ್, ಬೇಕಾಗಲ್ಲ’ ಅಂದ್ರು.

ಕರಿಕೋಟು_ಕೆಂಗೇರಿ
ಕೃಷಿ ಭೂಮಿಯಾಗೇ ಇದ್ರೆ ರೇರಾ ಸಿಗಲ್ಲ, ಅಂದ್ರೆ ಮೇಲೆ ನಾನು ಬರೆದಿದ್ರಲ್ಲಿ ಅರ್ಧ ರಕ್ಷಣೆ ನಿಮಗಿಲ್ಲ. 2020ರ ತಿದ್ದುಪಡಿ ಆದ್ಮೇಲೆ ಕೃಷಿಕರಲ್ಲದವರೂ ಜಮೀನು ತಗೋಬಹುದು, ಆದ್ರೆ ಕನ್ವರ್ಷನ್ ಇಲ್ದೆ ಅಲ್ಲಿ ವಿಲೇಜೂ ಇಲ್ಲ ಕ್ಲಬ್‌ಹೌಸೂ ಇಲ್ಲ. ಕಾಲು ಎಕರೆಗೆ ಪ್ರತ್ಯೇಕ ಪೋಡಿ, ಪಹಣಿ ಆಗುತ್ತಾ ಕೇಳಿ. ಕಾರ್ಬನ್ ನೆಗೆಟಿವ್‌ಗೆ ಲೆಕ್ಕ ತೋರ್ಸಿ ಅನ್ನಿ, ಇದು 2024ರ ಗೈಡ್‌ಲೈನ್ಸ್ ಬಂದ ಮೇಲಿನ ಜಾಹೀರಾತು, ಅವರಿಗೆ ಪೂರ್ತಿ ಅನ್ವಯ. ಬೇರೆ ಥ್ರೆಡ್ ಮಾಡಿ, ಅಲ್ಲಿ ಮಾತಾಡೋಣ.

ಕುಡ್ಲದ_ಮಾರಾಯ್ತಿ
ಅಲ್ಲ ಮಾರಾಯ್ರೆ, ನೀವೆಲ್ಲ ಆ ಪ್ಲಾಟಿನಂ ಹಿಂದೆ ಯಾಕೆ ಬಿದ್ದದ್ದು? ಅದು ಬಿಲ್ಡರ್ ತನ್ನ ಖುಷಿಗೆ ಮಾಡಿಸಿಕೊಳ್ಳುವ ಸರ್ಟಿಫಿಕೇಟ್. ಅದಕ್ಕಿಂತ ದೊಡ್ಡ ಕಾಗದ ಒಂದುಂಟು, ಯಾರೂ ಓದುವುದಿಲ್ಲ. ನಾನು ಎನ್ವಿರಾನ್‌ಮೆಂಟ್ ಕನ್ಸಲ್ಟೆನ್ಸಿಯಲ್ಲಿ ಎಂಟು ವರ್ಷ ಅದನ್ನೇ ಟೈಪ್ ಮಾಡಿದವಳು.

2006ರ ಇಐಎ (ಪರಿಸರದ ಮೇಲಿನ ಪರಿಣಾಮದ ಅಂದಾಜು) ನೋಟಿಫಿಕೇಶನ್ ಪ್ರಕಾರ 20,000 ಚದರ ಮೀಟರ್ ಮೇಲಿನ ಕಟ್ಟಡಕ್ಕೆ ಮೊದಲೇ ಪರಿಸರ ಅನುಮತಿ ಬೇಕು, ಇಸಿ ಅಂತ ಹೇಳುವುದು. 312 ಮನೆ ಅಂದ್ರೆ ಸೀನಣ್ಣನದ್ದು ಅದಕ್ಕಿಂತ ಮೇಲೆಯೇ ಇರ್ತದೆ. ಆ ಇಸಿ ಪತ್ರದಲ್ಲಿ ಷರತ್ತು ಬರೆದಿರ್ತದೆ: ಎಸ್‌ಟಿಪಿ ಇಷ್ಟು ಕೆಎಲ್‌ಡಿ (ದಿನಕ್ಕೆ ಎಷ್ಟು ಸಾವಿರ ಲೀಟರ್ ಅಂತ), ಸಂಸ್ಕರಿಸಿದ ನೀರು ಇಷ್ಟು ಫ್ಲಶ್‌ಗೆ, ಇಷ್ಟು ಗಿಡಕ್ಕೆ, ಇಂಗುಗುಂಡಿ ಇಷ್ಟು, ಮರ ಇಷ್ಟು, ಸೋಲಾರ್ ಇಷ್ಟು. ಬ್ರೋಷರ್‌ನ ಹಾಗೆ ‘ಹಸಿರ ಮಡಿಲಲ್ಲಿ’ ಅಂತ ಕವಿತೆ ಇರುವುದಿಲ್ಲ, ಬರೀ ನಂಬರ್. ಕೇಂದ್ರ ಪರಿಸರ ಇಲಾಖೆಯ ಪರಿವೇಶ್ ಪೋರ್ಟಲ್‌ಗೆ ಹೋಗಿ ಪ್ರಾಜೆಕ್ಟ್ ಹೆಸರು ಹಾಕಿ ಹುಡುಕಿ. ಪ್ರತಿ ವರ್ಷ ಜೂನ್ 1ಕ್ಕೆ, ಡಿಸೆಂಬರ್ 1ಕ್ಕೆ ಷರತ್ತು ಪಾಲನೆ ಆಗಿದೆ ಅಂತ ಬಿಲ್ಡರ್ ವರದಿ ಕೊಡಬೇಕು. ಆ ವರದಿಯನ್ನೂ ತೆಗೀರಿ. ಅದರಲ್ಲಿ ಎಂತ ಬರೆದಿದ್ದಾರೆ, ನಿಮ್ಮ ಟೆರೇಸಲ್ಲಿ ಎಂತ ಉಂಟು, ಎರಡೂ ಪಕ್ಕ ಪಕ್ಕ ಇಡಿ. ‘ಗ್ರೀನ್’ ಅಂದರೆ ಏನು ಅಂತ ಯಾರೂ ವಾದ ಮಾಡಬೇಕಾಗಿಲ್ಲ, 34 ಗುಂಡಿ ಅಂದ್ರೆ 34 ಗುಂಡಿ.

ಮಾಲಿನ್ಯ ನಿಯಂತ್ರಣ ಮಂಡಳಿಯ ಸಿಎಫ್‌ಓ (ನಡೆಸಲು ಕೊಡುವ ಒಪ್ಪಿಗೆ ಪತ್ರ) ಕೂಡ ನೋಡಿ. ಅದು ಅಸೋಸಿಯೇಷನ್ ಹೆಸರಿಗೆ ಬಂದ ಮೇಲೆ ನೋಟಿಸ್ ಬರುವುದು ನಿಮಗೆ, ಬಿಲ್ಡರ್‌ಗೆ ಅಲ್ಲ. ಓಡದ ಎಸ್‌ಟಿಪಿಯನ್ನು ಸಹಿ ಹಾಕಿ ತಗೊಳ್ಳಬೇಡಿ ಅಂತ ನಾನು ಹೇಳಿ ಹೇಳಿ ಸಾಕಾಯ್ತು.

ಶಾಫ್ಟ್_ಟಾರ್ಚ್
ಅಕ್ಕ, ಇದು ನನಗೇ ಹೊಳೆದಿರ್ಲಿಲ್ಲ. ಡ್ರಾಯಿಂಗ್ ನಾವೇ ಕೊಟ್ಟಿರ್ತೀವಿ, ಆ ಪತ್ರ ಎಲ್ಲಿ ಹೋಗಿ ಕೂರುತ್ತೆ ಅಂತ ಯೋಚನೆ ಮಾಡಲ್ಲ.

ಸರ್ಜಾಪುರ_ಸೀನ
ಅಪ್‌ಡೇಟ್. ಎರಡು ವಾರ ಆಯ್ತು, ಕ್ಷಮಿಸಿ, ಆಫೀಸಲ್ಲಿ ರಿಲೀಸ್ ಇತ್ತು.

ಇಸಿ ಪತ್ರ ಸಿಕ್ತು! ಮಾರಾಯ್ತಿ ಅಕ್ಕ, ನಿಮ್ಮ ಬಾಯಿಗೆ ಸಕ್ಕರೆ ಹಾಕ, ನಮ್ಮ ಪತ್ರದಲ್ಲೂ ಇಂಗುಗುಂಡಿ 34ಏ ಇದೆ. ಭಾನುವಾರ ಬೆಳಿಗ್ಗೆ ನಾವು ಐದು ಜನ ಎಣಿಸೋಕೆ ಹೊರಟ್ವಿ. ಕಾಂಪೌಂಡ್ ಸುತ್ತ ಸಿಕ್ಕಿದ ಮುಚ್ಚಳ 13. ಸಲಾಕೆ ಹಾಕಿ ಒಂದೊಂದೇ ಎತ್ತಿದ್ವಿ. ಒಂಬತ್ತರ ಕೆಳಗೆ ಗುಂಡಿ ಇದೆ, ಜಲ್ಲಿ ಇದೆ, ಒಣಗಿದ ಎಲೆ ತುಂಬಿದೆ. ಉಳಿದ ನಾಲ್ಕರ ಕೆಳಗೆ ಬರೀ ಕೆಂಪು ಮಣ್ಣು. ಮುಚ್ಚಳ ಇದೆ, ಗುಂಡಿನೇ ಇಲ್ಲ! ಗಟ್ಟಿಯಾಗಿ ದಮ್ಮಸ್ಸು ಮಾಡಿದ ನೆಲದ ಮೇಲೆ ಸಿಮೆಂಟ್ ಚಪ್ಪಡಿ ಇಟ್ಟು ‘ಆರ್‌ಡಬ್ಲ್ಯುಎಚ್ 7’ (ಮಳೆನೀರು ಕೊಯ್ಲು 7) ಅಂತ ಹಳದಿ ಪೇಂಟಲ್ಲಿ ಬರ್ದಿದಾರೆ. ಸೆಕ್ಯೂರಿಟಿ ಅಜ್ಜ ನೋಡಿ ‘ಇದ್ರ ಮೇಲೆ ಕೂತ್ಕೊಂಡೇ ಎರಡು ವರ್ಷದಿಂದ ಬೀಡಿ ಸೇದ್ತಿದೀನಲ್ಲ ಸಾಮಿ’ ಅಂದ್ರು. ಷರತ್ತು ಪಾಲನಾ ವರದಿ ಸೈಟಲ್ಲಿ ಸಿಗ್ಲಿಲ್ಲ, ಆರ್‌ಟಿಐ ಹಾಕಿದೀವಿ.

ಫೈನಲ್ ಪ್ಲಾಟಿನಂ ಬಗ್ಗೆ ಬಿಲ್ಡರ್‌ಗೆ ಮೇಲ್ ಹಾಕಿದ್ಕೆ ‘ಪ್ರಕ್ರಿಯೆಯಲ್ಲಿದೆ’ ಅಂತ ಒಂದೇ ಸಾಲಿನ ಉತ್ತರ. ವಕೀಲ್ ಸರ್ ಹೇಳಿದಂಗೆ ಎಂಜಿನಿಯರ್ ರಿಪೋರ್ಟ್ ಮಾಡ್ಸಿದ್ವಿ, 14(3) ನೋಟಿಸ್ ರಿಜಿಸ್ಟರ್ಡ್ ಪೋಸ್ಟಲ್ಲಿ ಹೋಗಿದೆ, 30 ದಿನ ಎಣಿಸ್ತಿದೀವಿ. ಆಗ್ಲಿಲ್ಲ ಅಂದ್ರೆ ಮಿಷನ್ ರೋಡ್ ರೇರಾ ಆಫೀಸೇ ಗತಿ.

ಕರಿಕೋಟು_ಕೆಂಗೇರಿ
ಚೆನ್ನಾಗಿ ಮಾಡಿದೀರ. ನಾಲ್ಕು ಮುಚ್ಚಳದ ಫೋಟೋಗೆ ಅಳತೆ ಟೇಪ್ ಪಕ್ಕದಲ್ಲಿಟ್ಟು ಇನ್ನೊಂದ್ಸಲ ತೆಗೀರಿ, ಗುಂಡಿ ಇಲ್ಲ ಅನ್ನೋದು ಕಾಣ್ಬೇಕು. ಒಂದು ಕಹಿ ಸತ್ಯನೂ ಈಗ್ಲೇ ಹೇಳಿಬಿಡ್ತೀನಿ, ರೇರಾ ಆರ್ಡರ್ ಸಿಕ್ರೂ ದುಡ್ಡು ವಸೂಲಿಗೆ ರಿಕವರಿ ಸರ್ಟಿಫಿಕೇಟ್ ಡಿಸಿ ಕಡೆಯಿಂದ ಹೋಗ್ಬೇಕು, ಅಲ್ಲಿ ಕೂತಿರೋ ಫೈಲುಗಳ ಸಾಲು ಉದ್ದ ಇದೆ. ಅದಕ್ಕೇ ದುಡ್ಡಿಗಿಂತ ಮೊದ್ಲು ಪೈಪ್ ಜೋಡಿಸಿ, ಗುಂಡಿ ತೋಡಿ ಅನ್ನೋ ನಿರ್ದೇಶನ ಕೇಳಿ. ಎಷ್ಟು ಜನ ಸಹಿ ಹಾಕಿದಾರೆ?

ಸರ್ಜಾಪುರ_ಸೀನ
ಅದೇ ಸಂಕಟ ಸರ್. 312ರಲ್ಲಿ 61. ಉಳಿದೋರು ‘ಕೇಸ್ ಅಂತ ಪೇಪರಲ್ಲಿ ಬಂದ್ರೆ ರೀಸೇಲ್ ವ್ಯಾಲ್ಯೂ ಬಿದ್ದುಹೋಗುತ್ತೆ’ ಅಂತ ಗ್ರೂಪಲ್ಲೇ ಜಗಳ. ಜೋರಾಗಿ ವಿರೋಧ ಮಾಡ್ತಿರೋದು ನಮ್ಮ ಎಂಸಿ ಮೆಂಬರ್ ಒಬ್ರು, ಮುಚ್ಚಳ ಎತ್ತುವಾಗ ಸಲಾಕೆ ಹಿಡಿದಿದ್ದೇ ಅವ್ರು! ಯಾಕೆ ಅಂತ ನಿನ್ನೆ ಗೊತ್ತಾಯ್ತು. ಫ್ಲ್ಯಾಟ್ ಮಾರೋಕೆ ಆನ್‌ಲೈನ್ ಹಾಕಿದಾರೆ. ಹೆಡಿಂಗ್ ಏನ್ ಗೊತ್ತಾ? ‘ಪ್ಲಾಟಿನಂ ಗ್ರೀನ್ ಹೋಮ್, ಡ್ಯುಯಲ್ ಪ್ಲಂಬಿಂಗ್, ನೀರಿನ ತೊಂದರೆ ಇಲ್ಲ’.

ಬಸವನಗುಡಿ_ಬೋಂಡ
😂😂 ಲಿಂಕ್ ಕಳ್ಸಿ, ಸೈಟ್ ವಿಸಿಟ್‌ಗೆ ಬರ್ತೀನಿ, ಟಾರ್ಚ್ ತಗೊಂಡು.

ಧಾರವಾಡ_ಫೇಡಾ
ವಕೀಲ್ರ, ಹಂಗಾದ್ರ ಇನ್ನ ಅವ್ರ ಮ್ಯಾಲೂ ಸೆಕ್ಷನ್ 12 ಹಾಕ್ಬೋದೇನ್ರಿ?

ಕರಿಕೋಟು_ಕೆಂಗೇರಿ
ಇಲ್ಲ, ಅವ್ರು ಪ್ರೊಮೋಟರ್ (ಪ್ರಾಜೆಕ್ಟ್ ಕಟ್ಟಿ ಮಾರೋರು) ಅಲ್ಲ, ರೇರಾ ಬರಲ್ಲ. ಆದ್ರೆ ಗೊತ್ತಿದ್ದೂ ಸುಳ್ಳು ಹೇಳಿ ಮಾರಿದ್ರೆ ಕಾಂಟ್ರ್ಯಾಕ್ಟ್ ಕಾಯ್ದೆ ಸೆಕ್ಷನ್ 17 ಇದೆ, ವಂಚನೆ. ಗೊತ್ತಿರ್ಲಿಲ್ಲ ಅನ್ನೋಕೂ ಆಗಲ್ಲ, ಸಲಾಕೆ ಹಿಡಿದಿರೋ ಫೋಟೋ ನಿಮ್ಮ ಗ್ರೂಪಲ್ಲೇ ಇದೆ.

ಸರ್ಜಾಪುರ_ಸೀನ
ಈ ಥ್ರೆಡ್ ಲಿಂಕ್ ಗ್ರೂಪಿಗೆ ಹಾಕ್ದೆ. ಹತ್ತು ನಿಮಿಷಕ್ಕೆ ಲಿಸ್ಟಿಂಗಲ್ಲಿ ‘ನೀರಿನ ತೊಂದರೆ ಇಲ್ಲ’ ಅನ್ನೋದು ಹೋಯ್ತು. ಪ್ಲಾಟಿನಂ ಹಾಗೇ ಇದೆ.